ಸೋಫಾ ರದ್ದಾಯಿತು, ಸಾಲ ಉಳಿಯಿತು: ಒಂದು ಫರ್ನಿಚರ್ ಮಳಿಗೆಯ ರಿವ್ಯೂ

ಸಾಮಾನಿನ ಗುಣಮಟ್ಟಕ್ಕೆ 5ಕ್ಕೆ 4. ಶೋರೂಮಿನಲ್ಲಿ ತೋರಿಸುವ ಹುಡುಗರ ನಡವಳಿಕೆಗೂ 4. ಆರ್ಡರ್ ರದ್ದು ಮಾಡಿಸಲು ಹೋದರೆ ಸಿಗುವ ಸೇವೆಗೆ 1. ಮೊದಲ ಎರಡನ್ನು ನೀವೇ ಹೋಗಿ ನೋಡಬಹುದು. ಮೂರನೆಯದು ಸಹಿ ಹಾಕಿದ ಮೇಲೆ ಮಾತ್ರ ಕಾಣುತ್ತದೆ, ಹಾಗಾಗಿ ಅದರ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ.

ಮಳಿಗೆಯ ಹೆಸರು ಹಾಕುತ್ತಿಲ್ಲ. ಒಂದು ದೂರು ಇನ್ನೂ ಮುಗಿದಿಲ್ಲ ಅನ್ನುವುದು ಒಂದು ಕಾರಣ. ಇನ್ನೊಂದು, ಕಂತಿನಲ್ಲಿ ಸಾಮಾನು ಕೊಡುವ ದೊಡ್ಡ ಮಳಿಗೆಗಳಲ್ಲಿ ವ್ಯವಸ್ಥೆ ಹೆಚ್ಚುಕಡಿಮೆ ಇದೇ ಥರ ಇರುತ್ತದೆ. ಹೆಸರು ಬೇರೆ ಇದ್ದರೂ ನಿಮಗೂ ಇದೇ ಎದುರಾಗಬಹುದು.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ನಾವು ನೋಡಿದ್ದು ಎಲ್ ಆಕಾರದ ಸೋಫಾ ಮತ್ತು ಒಂದು ಮಂಚ. ಸೋಫಾ ನಿಜವಾಗಿಯೂ ಚೆನ್ನಾಗಿತ್ತು. ಸೀಟಿನ ಹಿಂಬದಿಯ ಜಿಪ್ ಎಳೆದು ಒಳಗಿನ ಫೋಮ್ ತೋರಿಸಿ ಅಂದೆ. ಆ ಹುಡುಗ ಬೇಸರ ಮಾಡಿಕೊಳ್ಳದೆ ತೆಗೆದು ತೋರಿಸಿದ. ಫೋಮ್ ಗಟ್ಟಿಯಾಗಿತ್ತು, ಮೇಲೆ ತೆಳುವಾದ ಮೆತ್ತನೆ ಪದರ, ಹೊಲಿಗೆ ಎರಡು ಸಾಲು. ಅಮ್ಮನಿಗೆ ಮಂಡಿ ನೋವು, ತೀರಾ ತಗ್ಗಿನ ಸೋಫಾದಿಂದ ಏಳುವುದು ಕಷ್ಟ. ಇದರ ಎತ್ತರ ಅವರಿಗೆ ಸರಿಹೋಯಿತು, ಕೈ ಊರದೆ ಎದ್ದರು. ಅದನ್ನು ನೋಡಿಯೇ ಇದೇ ಇರಲಿ ಅಂತ ತೀರ್ಮಾನ ಮಾಡಿದ್ದು.

ಬಿಲ್ಲಿನ ಮೇಜಿಗೆ ಬಂದಾಗ ಕಂತಿನ ಮಾತು ಬಂತು. ಬಡ್ಡಿ ಇಲ್ಲ, ಸ್ವಲ್ಪ ಮುಂಗಡ ಕೊಡಿ, ಉಳಿದದ್ದು ತಿಂಗಳು ತಿಂಗಳು ಅಂತ. ಇದರಲ್ಲಿ ತಪ್ಪೇನೂ ಇಲ್ಲ, ಒಟ್ಟಿಗೆ ದುಡ್ಡು ಕಟ್ಟುವುದಕ್ಕಿಂತ ಎಷ್ಟೋ ಮನೆಗಳಿಗೆ ಇದೇ ಅನುಕೂಲ. ಆದರೆ ಅಲ್ಲಿ ನಡೆಯುವುದು ಏನು ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ಒಂದು ಟ್ಯಾಬ್ ಮುಂದಿಡುತ್ತಾರೆ, ಬೆರಳಿನಿಂದ ಸಹಿ ಮಾಡಿ ಅನ್ನುತ್ತಾರೆ, ಫೋನಿಗೆ ಬಂದ ಒಟಿಪಿ ಕೇಳುತ್ತಾರೆ, 'ಅಷ್ಟೇ ಮೇಡಂ, ಆಯ್ತು' ಅನ್ನುತ್ತಾರೆ. ಆ ಎರಡು ನಿಮಿಷದಲ್ಲಿ ಎರಡು ಬೇರೆ ಬೇರೆ ಒಪ್ಪಂದ ಆಗಿರುತ್ತದೆ. ಒಂದು ನಿಮಗೂ ಅಂಗಡಿಗೂ, ಸಾಮಾನಿನ ಬಗ್ಗೆ. ಇನ್ನೊಂದು ನಿಮಗೂ ಒಂದು ಹಣಕಾಸು ಸಂಸ್ಥೆಗೂ, ಸಾಲದ ಬಗ್ಗೆ. ಅಂಗಡಿಯವರು ಸಾಲ ಕೊಡುವುದಿಲ್ಲ. ಅವರ ಮೇಜಿನ ಮೇಲೆ ಸಾಲದ ಕಾಗದ ತಯಾರಾಗುತ್ತದೆ, ಅಷ್ಟೇ.

ಈ ಒಂದು ವಿಷಯ ಗೊತ್ತಿದ್ದರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ಆರ್ಡರ್ ಫಾರಂನಲ್ಲಿ ಸಾಮಾನು ಬರುವ ದಿನಾಂಕ ಬರೆದಿದ್ದರು. ಅದು ಹತ್ತಿರ ಬಂದಾಗ ಮೆಸೇಜ್ ಬಂತು: ಬಟ್ಟೆಯ ಸ್ಟಾಕ್ ಇಲ್ಲ, ದಿನಾಂಕ ಮುಂದಕ್ಕೆ ಹೋಗಿದೆ. ಸರಿ ಅಂತ ಕಾದೆವು. ಮತ್ತೆ ಮುಂದಕ್ಕೆ ಹೋಯಿತು. ಈ ನಡುವೆ ಹಣಕಾಸು ಸಂಸ್ಥೆಯಿಂದ ಬೇರೆ ಮೆಸೇಜ್: ಮೊದಲ ಕಂತು ಇಂಥ ದಿನ ನಿಮ್ಮ ಖಾತೆಯಿಂದ ಕಡಿತವಾಗುತ್ತದೆ. ಮನೆಯಲ್ಲಿ ಸೋಫಾ ಇಲ್ಲ, ಮಂಚ ಇಲ್ಲ, ಕಂತು ಮಾತ್ರ ಶುರು. ಇದು ಯಾವ ನ್ಯಾಯ?

ಹೀಗೆ ಆಗುವುದಕ್ಕೆ ಕಾರಣ ಇದೆ. ನಿಮ್ಮ ಸಹಿ ಆದ ಮೇಲೆ ಅಂಗಡಿ ಬಿಲ್ ಮಾಡಿ ಸಂಸ್ಥೆಗೆ ಕಳಿಸುತ್ತದೆ. ಬಿಲ್ ಹೋದ ಮೇಲೆ ಸಂಸ್ಥೆ ಅಂಗಡಿಗೆ ದುಡ್ಡು ಹಾಕುತ್ತದೆ. ಬಡ್ಡಿ ಇಲ್ಲದ ಸ್ಕೀಮ್ ಆದರೆ ಬಡ್ಡಿಯ ಪಾಲನ್ನು ಸಾಮಾನ್ಯವಾಗಿ ಅಂಗಡಿಯೋ ಸಾಮಾನು ತಯಾರಿಸುವ ಕಂಪನಿಯೋ ಹೊತ್ತಿರುತ್ತದೆ, ಆ ಮೊತ್ತ ಕಳೆದು ಉಳಿದದ್ದು ಅಂಗಡಿಗೆ ಹೋಗುತ್ತದೆ. ಅಲ್ಲಿಂದ ನಿಮ್ಮ ಸಾಲದ ಲೆಕ್ಕ ಶುರು. ಸಾಮಾನು ಗೋದಾಮಿನಲ್ಲಿದೆಯೋ, ಇನ್ನೂ ಮರದ ರೂಪದಲ್ಲೇ ಇದೆಯೋ, ಆ ಲೆಕ್ಕಕ್ಕೆ ಸಂಬಂಧವಿಲ್ಲ. ಸಾಮಾನು ಗಾಡಿಗೆ ಏರುವ ದಿನ ಬಿಲ್ ಮಾಡಿದ್ದರೆ ಈ ತೊಂದರೆಯೇ ಇರುತ್ತಿರಲಿಲ್ಲ. ಈ ಮಳಿಗೆಯವರು ಆರ್ಡರ್ ಮಾಡಿದ ದಿನವೇ ಬಿಲ್ ಮಾಡಿದರು. ನನ್ನ ದೊಡ್ಡ ಆಕ್ಷೇಪ ಇದೇ. ತಮ್ಮ ದುಡ್ಡು ಮೊದಲೇ ಕೈಗೆ ಬಂದಿರುವಾಗ ಸಾಮಾನು ಬೇಗ ಕಳಿಸಬೇಕೆಂಬ ಆತುರ ಅವರಿಗೆ ಎಲ್ಲಿಂದ ಬರಬೇಕು?

ಎರಡನೇ ಸಲ ದಿನಾಂಕ ಮುಂದೆ ಹೋದಾಗ ಆರ್ಡರ್ ಬೇಡ ಅಂತ ಹೇಳಲು ಹೋದೆ. ಕ್ಯಾಶ್ ಕೌಂಟರಿನವರು ಮ್ಯಾನೇಜರ್ ಕಡೆ ಕಳಿಸಿದರು. ಮ್ಯಾನೇಜರ್ ಕೂಗಾಡಲಿಲ್ಲ, ಕೂರಿಸಿದರು, ನೀರು ಕೊಟ್ಟರು. ಆಮೇಲೆ ಹೇಳಿದರು: 'ಮೇಡಂ, ನಮ್ಮ ಕಡೆಯಿಂದ ಕ್ಯಾನ್ಸಲ್ ಮಾಡಿಬಿಡ್ತೀವಿ, ಲೋನ್ ವಿಷಯ ನೀವು ಫೈನಾನ್ಸ್‌ನವರ ಹತ್ರ ಮಾತಾಡಿಕೊಳ್ಳಿ.' ಫೈನಾನ್ಸ್‌ನವರಿಗೆ ಫೋನ್ ಮಾಡಿದರೆ ಅವರು ಹೇಳಿದ್ದು: 'ಅಂಗಡಿಯಿಂದ ನಮಗೆ ದುಡ್ಡು ವಾಪಸ್ ಬರಬೇಕು, ಅವರು ಮೇಲ್ ಹಾಕಬೇಕು, ಆಗ ಮಾತ್ರ ಲೋನ್ ಕ್ಯಾನ್ಸಲ್ ಆಗುತ್ತೆ.' ಇಬ್ಬರು ಹೇಳಿದ್ದೂ ಅರ್ಧ ಸತ್ಯ. ಅಂಗಡಿಯವರು ಬಿಲ್ ರದ್ದು ಮಾಡಿ ದುಡ್ಡನ್ನು ಸಂಸ್ಥೆಗೆ ತಿರುಗಿಸುವ ತನಕ ಸಾಲ ಜೀವಂತ ಇರುತ್ತದೆ. ಆದರೆ ಅಂಗಡಿಯವರು ಅದನ್ನು ಮಾಡುವ ತನಕ ಬೆನ್ನು ಹತ್ತಬೇಕಾದವರು ಗ್ರಾಹಕರು, ಯಾಕೆಂದರೆ ಖಾತೆಯಿಂದ ದುಡ್ಡು ಹೋಗುವುದು ನಮ್ಮದು.

ರದ್ದು ಮಾಡಲು ಒಂದು ಫಾರಂ ಕೊಟ್ಟರು. ಹೆಸರು, ಆರ್ಡರ್ ನಂಬರ್, ಕೆಳಗೆ 'ರದ್ದು ಮಾಡಲು ಕಾರಣ' ಅಂತ ಒಂದು ಸಾಲು. ಆ ಸಾಲಿನಲ್ಲಿ ಮೊದಲೇ ಅಚ್ಚಾಗಿತ್ತು: ಗ್ರಾಹಕರ ವೈಯಕ್ತಿಕ ಕಾರಣ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ವೈಯಕ್ತಿಕ ಕಾರಣಕ್ಕೆ ರದ್ದು ಮಾಡಿದರೆ ಮುಂಗಡದಲ್ಲಿ ಇಷ್ಟು ಭಾಗ ಕಡಿತ. ಎಂಥ ಕೆಲಸ ನೋಡಿ! ತಡ ಮಾಡಿದವರು ಅವರು, ಕಾರಣ ನಮ್ಮದು. ಆ ಸಾಲನ್ನು ಪೆನ್ನಿನಿಂದ ಹೊಡೆದು ಹಾಕಿ, 'ಒಪ್ಪಿದ ದಿನಾಂಕಕ್ಕೆ ಸಾಮಾನು ಕೊಟ್ಟಿಲ್ಲ, ಎರಡು ಸಲ ಮುಂದೂಡಿದ್ದಾರೆ' ಅಂತ ಬರೆದು, ಪಕ್ಕದಲ್ಲಿ ಸಹಿ ಹಾಕಿ, ಅಂಗಡಿಯ ಸೀಲು ಹಾಕಿಸಿಕೊಂಡೆ. ಕೌಂಟರಿನ ಹುಡುಗಿ 'ಹಾಗೆ ತಿದ್ದೋ ಹಾಗಿಲ್ಲ ಮೇಡಂ' ಅಂದಳು. ತಿದ್ದಬಾರದು ಅಂತ ಎಲ್ಲಿ ಬರೆದಿದೆ ತೋರಿಸಿ ಅಂದೆ. ತೋರಿಸಲು ಏನೂ ಇರಲಿಲ್ಲ, ಸೀಲು ಹಾಕಿದಳು. ಮುಂಗಡ ಪೂರ್ತಿ ವಾಪಸ್ ಬಂದದ್ದಕ್ಕೆ ಆ ಒಂದು ಸಾಲೇ ಕಾರಣ ಅಂತ ನನಗೆ ಖಾತ್ರಿ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಮನಸ್ಸು ಬದಲಾಯಿತು ಅಂತ ಬಿಡುವುದು ಬೇರೆ, ಅಂಗಡಿಯವರು ಮಾತು ತಪ್ಪಿದರು ಅಂತ ಬಿಡುವುದು ಬೇರೆ. ಅಂಗಡಿಗೆ ಹೋಗಿ, ನೋಡಿ, ಮುಟ್ಟಿ ಕೊಂಡ ಸಾಮಾನನ್ನು ಸುಮ್ನೆ ಬೇಡ ಅನ್ನಲು ಎಲ್ಲ ಕಡೆ ಹಕ್ಕು ಇರುವುದಿಲ್ಲ. ಅಮೆರಿಕದಲ್ಲಿ ಮೂರು ದಿನದೊಳಗೆ ರದ್ದು ಮಾಡಬಹುದು ಅನ್ನುವ ನಿಯಮದ ಬಗ್ಗೆ ತುಂಬಾ ಜನ ಹೇಳುತ್ತಾರೆ. ಅದು ಮನೆ ಬಾಗಿಲಿಗೆ ಬಂದು ಮಾರುವವರಿಗೆ, ಹೋಟೆಲು, ಮೇಳಗಳಂಥ ತಾತ್ಕಾಲಿಕ ಜಾಗದಲ್ಲಿ ಮಾರುವವರಿಗೆ ಮಾಡಿದ ನಿಯಮ. ಖಾಯಂ ಮಳಿಗೆಯಲ್ಲಿ ಕೊಂಡದ್ದಕ್ಕೆ ಅದು ತಗಲುವುದಿಲ್ಲ. ಬ್ರಿಟನ್ನಿನಲ್ಲಿ ಆನ್‌ಲೈನ್ ಖರೀದಿಗೆ 14 ದಿನದ ಹಕ್ಕು ಇದೆ, ಮಳಿಗೆಗೆ ಇಲ್ಲ. ಆನ್‌ಲೈನ್ ಆದರೂ ನಿಮ್ಮ ಅಳತೆಗೆ, ನೀವು ಹೇಳಿದ ಹಾಗೆ ಮಾಡಿಸಿದ ಸಾಮಾನಿಗೆ ಇಲ್ಲ. ಫರ್ನಿಚರಿನಲ್ಲಿ ಇದು ದೊಡ್ಡ ವಿಷಯ, ಯಾಕೆಂದರೆ ಅಂಗಡಿಯವರು ಮೊದಲು ಹೇಳುವುದೇ 'ಇದು ನಿಮಗಾಗಿ ಮಾಡಿಸಿದ್ದು' ಅಂತ. ಕ್ಯಾಟಲಾಗಿನಲ್ಲಿ ಇರುವ ನಾಲ್ಕು ಬಣ್ಣದಲ್ಲಿ ಒಂದನ್ನು ಆರಿಸಿದರೆ ಅದು ನಮಗಾಗಿ ಮಾಡಿಸಿದ್ದು ಹೇಗಾಗುತ್ತದೆ ಅಂತ ನಾನು ಕೇಳಿದೆ. ಮ್ಯಾನೇಜರ್ ಆ ವಾದವನ್ನು ಅಲ್ಲಿಗೇ ಬಿಟ್ಟರು.

ಸಾಲದ ಒಪ್ಪಂದಕ್ಕೆ ಮಾತ್ರ ಎಷ್ಟೋ ಕಡೆ ಬೇರೆಯದೇ ಗಡುವು ಇರುತ್ತದೆ. ಬ್ರಿಟನ್ನಿನಲ್ಲಿ 1974ರ ಗ್ರಾಹಕ ಸಾಲ ಕಾಯ್ದೆಯ ಪ್ರಕಾರ ಇಂಥ ಸಾಲದಿಂದ 14 ದಿನದೊಳಗೆ ಕಾರಣ ಹೇಳದೆ ಹಿಂದೆ ಸರಿಯಬಹುದು. ಆದರೆ ಹಿಂದೆ ಸರಿದರೆ ಸಾಲ ಮಾತ್ರ ಹೋಗುತ್ತದೆ, ಸೋಫಾದ ಖರೀದಿ ಹಾಗೇ ಇರುತ್ತದೆ, ದುಡ್ಡನ್ನು ಬೇರೆ ದಾರಿಯಲ್ಲಿ ಕಟ್ಟಬೇಕು. ಯೂರೋಪಿಯನ್ ಒಕ್ಕೂಟದ ನಿಯಮದಲ್ಲೂ ಇಂಥ ಸಾಲಕ್ಕೆ 14 ದಿನ ಇದೆ. ಅಲ್ಲಿ ಇನ್ನೊಂದು ಒಳ್ಳೆಯ ಅಂಶ, ಸಾಮಾನನ್ನು ಬೇಡ ಅನ್ನುವ ಕಾನೂನಿನ ಹಕ್ಕು ನಿಮಗಿದ್ದು ಅದನ್ನು ಬಳಸಿದರೆ, ಆ ಸಾಮಾನಿಗಾಗಿ ಮಾಡಿದ ಸಾಲವೂ ನಿಮ್ಮನ್ನು ಹಿಡಿದಿಡುವಂತಿಲ್ಲ. ಭಾರತದಲ್ಲಿ ಡಿಜಿಟಲ್ ಆಗಿ ಕೊಡುವ ಸಾಲಕ್ಕೆ ರಿಸರ್ವ್ ಬ್ಯಾಂಕ್ 2022ರಲ್ಲಿ ಇಂಥ ಅವಧಿ ತಂದಿತು. 2025ರ ನಿರ್ದೇಶನದ ಪ್ರಕಾರ ಅದು ಎಷ್ಟು ದಿನ ಅಂತ ಸಾಲ ಕೊಡುವ ಸಂಸ್ಥೆಯ ಆಡಳಿತ ಮಂಡಳಿಯೇ ತೀರ್ಮಾನಿಸುತ್ತದೆ, ಒಂದು ದಿನಕ್ಕಿಂತ ಕಡಿಮೆ ಇರುವಂತಿಲ್ಲ. ಅಷ್ಟರೊಳಗೆ ಬಿಟ್ಟರೆ ಅಸಲು ಮತ್ತು ಅಷ್ಟು ದಿನದ ಬಡ್ಡಿ ವೆಚ್ಚ ಕೊಟ್ಟು ದಂಡವಿಲ್ಲದೆ ಹೊರಬರಬಹುದು. ಪ್ರೊಸೆಸಿಂಗ್ ಶುಲ್ಕವನ್ನು, ಅಂದರೆ ಸಾಲದ ಅರ್ಜಿಯ ಕೆಲಸಕ್ಕೆ ಸಂಸ್ಥೆ ತೆಗೆದುಕೊಳ್ಳುವ ಶುಲ್ಕವನ್ನು ಮಾತ್ರ, ಅದರ ಬಗ್ಗೆ ನಿಮಗೆ ಮೊದಲೇ ತಿಳಿಸಿದ್ದರೆ ಅವರು ಇಟ್ಟುಕೊಳ್ಳಬಹುದು.

ಈಗ ನೋಡಿ ಸಮಸ್ಯೆ ಎಲ್ಲಿದೆ ಅಂತ. ಸಾಲದಿಂದ ಹಿಂದೆ ಸರಿಯುವ ಗಡುವು ಎಣಿಸುವುದು ಸಹಿ ಹಾಕಿದ ಸುಮಾರಿನಿಂದ. ಅಂಗಡಿಯವರು ತಡ ಮಾಡುತ್ತಾರೆ ಅಂತ ನಮಗೆ ಗೊತ್ತಾಗುವುದು ಸಾಮಾನು ಬರಬೇಕಾದ ಹೊತ್ತಿಗೆ. ಆಗ ಗಡುವು ಯಾವಾಗಲೋ ಮುಗಿದಿರುತ್ತದೆ. ನಮ್ಮ ವಿಷಯದಲ್ಲೂ ಹಾಗೇ ಆಯಿತು. ಒಪ್ಪಂದದ ಕಾಗದದಲ್ಲಿ ಇನ್ನೊಂದು ಸಾಲು ಇತ್ತು, ಅದನ್ನು ಎಲ್ಲರೂ ಒಂದು ಸಲ ಹುಡುಕಿ ಓದಬೇಕು: ಸಾಮಾನಿನ ವಿತರಣೆ, ಗುಣಮಟ್ಟ ಅಥವಾ ವ್ಯಾಪಾರಿಯ ಜೊತೆಗಿನ ಯಾವುದೇ ವ್ಯಾಜ್ಯ ಸಾಲದ ಮರುಪಾವತಿಯ ಮೇಲೆ ಪರಿಣಾಮ ಬೀರುವುದಿಲ್ಲ. ಅಂದರೆ ಸೋಫಾ ಬರಲಿ, ಬಾರದಿರಲಿ, ಮುರಿದೇ ಬರಲಿ, ಕಂತು ಕಟ್ಟಿ. ಇಂಥ ಸಾಲು ಎಲ್ಲ ಕಡೆ ನಡೆಯುವುದಿಲ್ಲ. ಅಮೆರಿಕದಲ್ಲಿ 1976ರಿಂದ ಇರುವ ಒಂದು ನಿಯಮದ ಪ್ರಕಾರ, ಅಂಗಡಿಯ ಮೂಲಕ ಬಂದ ಇಂಥ ಸಾಲದಲ್ಲಿ ಅಂಗಡಿಯವರ ಮೇಲೆ ಹೇಳಬಹುದಾದ ದೂರನ್ನು ಸಾಲ ಕೊಟ್ಟವರ ಮೇಲೂ ಹೇಳಬಹುದು. ಬ್ರಿಟನ್ನಿನ ಕಾಯ್ದೆಯಲ್ಲೂ ಒಂದು ಬೆಲೆಯ ಮಿತಿಯೊಳಗೆ ಸಾಲ ಕೊಟ್ಟವರು ಅಂಗಡಿಯಷ್ಟೇ ಹೊಣೆ. ಹಾಗಾಗಿ ನೀವು ಇರುವ ಕಡೆ ಏನಿದೆ ಅಂತ ನೋಡದೆ ಆ ಸಾಲಿಗೆ ಹೆದರಿ ಸುಮ್ಮನಾಗಬೇಡಿ.

ಕಂತಿನ ದಿನ ಹತ್ತಿರ ಬಂದಾಗ ಮನೆಯಲ್ಲಿ ದೊಡ್ಡ ಚರ್ಚೆ. ಬ್ಯಾಂಕಿಗೆ ಹೇಳಿ ಆಟೋ ಡೆಬಿಟ್ ನಿಲ್ಲಿಸಿಬಿಡು ಅಂತ ಅಣ್ಣ. ಬೇಡ ಅಂತ ನಾನು. ಕಂತು ತಪ್ಪಿದರೆ ದಂಡ ಬೀಳುತ್ತದೆ, ಕ್ರೆಡಿಟ್ ವರದಿಯಲ್ಲಿ (ನಾವು ಸಾಲಗಳನ್ನು ಹೇಗೆ ಕಟ್ಟಿದ್ದೇವೆ ಅನ್ನುವ ದಾಖಲೆ) ತಡ ಅಂತ ದಾಖಲಾಗುತ್ತದೆ, ಆಮೇಲೆ ಅದನ್ನು ಅಳಿಸಲು ಇನ್ನೊಂದು ಯುದ್ಧ. ಕಂತು ಕಟ್ಟಿದೆ. ಆದರೆ ಕಟ್ಟುವ ಮೊದಲು ಸಂಸ್ಥೆಗೂ ಅಂಗಡಿಗೂ ಒಂದೇ ಮೇಲ್ ಹಾಕಿದೆ: ಸಾಮಾನು ಬಂದಿಲ್ಲ, ಆರ್ಡರ್ ರದ್ದಾಗಿದೆ, ಆಕ್ಷೇಪ ಇಟ್ಟುಕೊಂಡೇ ಈ ಕಂತು ಕಟ್ಟುತ್ತಿದ್ದೇನೆ, ಸಾಲ ರದ್ದಾದಾಗ ಇದು ನನಗೆ ವಾಪಸ್ ಬರಬೇಕು. ಇಬ್ಬರಿಗೂ ಒಂದೇ ಮೇಲ್ ಹಾಕುವುದು ಮುಖ್ಯ. ಬೇರೆ ಬೇರೆ ಹಾಕಿದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಒಂದರಲ್ಲೇ ಇದ್ದರೆ ಯಾರು ಯಾರಿಗೆ ಏನು ಕಳಿಸಿಲ್ಲ ಅಂತ ಇಬ್ಬರಿಗೂ ಕಾಣುತ್ತದೆ. ಫೋನಿನಲ್ಲಿ ಎಷ್ಟು ಮಾತಾಡಿದರೂ ಆಗದ ಕೆಲಸ ಆ ಮೇಲ್ ಆದ ಮೇಲೆ ಕದಲಲು ಶುರುವಾಯಿತು.

ಸಂಸ್ಥೆಯ ದೂರು ವಿಭಾಗದಲ್ಲಿ ಒಬ್ಬ ಹೆಣ್ಣುಮಗಳು ಸಿಕ್ಕಿದರು, ಅವರಿಗೆ ಈ ರಿವ್ಯೂನಲ್ಲಿ ಪೂರ್ತಿ 5. ಏನು ಬೇಕು ಅಂತ ಸ್ಪಷ್ಟವಾಗಿ ಹೇಳಿದವರು ಅವರೊಬ್ಬರೇ. ಅಂಗಡಿಯಿಂದ ಬಿಲ್ ರದ್ದಾದ ಪತ್ರ, ದುಡ್ಡು ತಿರುಗಿಸಿದ ವಹಿವಾಟಿನ ನಂಬರ್, ಸಾಮಾನು ಕೊಟ್ಟಿಲ್ಲ ಅನ್ನುವ ಬರಹ. ಈ ಮೂರು ಬಂದರೆ ಸಾಲ ರದ್ದು ಮಾಡುತ್ತೇವೆ ಅಂದರು, ಹಾಗೇ ಮಾಡಿದರು. ಸಾಲದ ಜೊತೆ ಒಂದು ವಿಮೆಯೂ ಸೇರಿಕೊಂಡಿದೆ, ಅದನ್ನು ಬೇರೆ ಕೋರಿಕೆ ಹಾಕಿ ರದ್ದು ಮಾಡಿಸಿ ಅಂತಲೂ ಅವರೇ ತಿಳಿಸಿದರು. ಆ ವಿಮೆಯ ಬಗ್ಗೆ ಅಂಗಡಿಯಲ್ಲಿ ಒಂದು ಮಾತು ಹೇಳಿರಲಿಲ್ಲ. ಟ್ಯಾಬಿನಲ್ಲಿ ಮೊದಲೇ ಟಿಕ್ ಆಗಿತ್ತಂತೆ.

ಅಂಗಡಿಯವರು ಈ ನಡುವೆ ಇನ್ನೊಂದು ದಾರಿ ತೋರಿಸಿದರು. ದುಡ್ಡು ವಾಪಸ್ ಬದಲು ಅಷ್ಟೇ ಮೊತ್ತದ ಕ್ರೆಡಿಟ್ ನೋಟ್ ಕೊಡುತ್ತೇವೆ, ಯಾವಾಗ ಬೇಕಾದರೂ ಬಂದು ಬೇರೆ ಸಾಮಾನು ತೆಗೆದುಕೊಳ್ಳಿ. ಕೇಳಲು ಚೆನ್ನಾಗಿದೆ. ಆದರೆ ಒಪ್ಪಿಕೊಂಡರೆ ಸಂಸ್ಥೆಗೆ ದುಡ್ಡು ವಾಪಸ್ ಹೋಗುವುದಿಲ್ಲ, ಸಾಲ ಹಾಗೇ ಓಡುತ್ತದೆ. ನಿಮ್ಮ ಕೈಯಲ್ಲಿ ಒಂದು ಚೀಟಿ, ಖಾತೆಯಲ್ಲಿ ತಿಂಗಳು ತಿಂಗಳು ಕಡಿತ. ಕ್ರೆಡಿಟ್ ನೋಟಿನ ಹಿಂದೆ ಅವಧಿಯೂ ಬರೆದಿತ್ತು. ಸಾಲ ತೆಗೆದುಕೊಂಡವರು ಇದಕ್ಕೆ ಒಪ್ಪಲೇಬಾರದು ಅಂತ ನನ್ನ ಖಡಕ್ ಅಭಿಪ್ರಾಯ.

ಎಲ್ಲ ಮುಗಿಯುತ್ತಾ ಬಂತು ಅನ್ನುವ ಹೊತ್ತಿಗೆ ಒಂದು ಬೆಳಗ್ಗೆ ಫೋನ್. 'ಮೇಡಂ, ಸೋಫಾ ತಂದಿದ್ದೀವಿ, ಗೇಟ್ ಹತ್ರ ಇದ್ದೀವಿ.' ರದ್ದಾದ ವಿಷಯ ಗೋದಾಮಿಗೆ ತಲುಪಿರಲಿಲ್ಲ. ಕೆಳಗೆ ಹೋದೆ. ಗಾಡಿಯ ಹಿಂಬಾಗಿಲು ತೆಗೆದಿತ್ತು, ಪ್ಲಾಸ್ಟಿಕ್ ಸುತ್ತಿದ ಅದೇ ಸೋಫಾ, ಹಗ್ಗ ಬಿಚ್ಚುತ್ತಾ ಇಬ್ಬರು ಹುಡುಗರು ನಿಂತಿದ್ದರು. ಬೇಡ ಅಂದೆ. 'ಇಳಿಸಿಬಿಡ್ತೀವಿ ಅಕ್ಕಾ, ಆಮೇಲೆ ಆಫೀಸಲ್ಲಿ ಮಾತಾಡಿಕೊಳ್ಳಿ, ವಾಪಸ್ ತಗೊಂಡೋದ್ರೆ ನಮ್ಗೆ ಬಾಡಿಗೆ ಸಿಗಲ್ಲ' ಅಂದ ಒಬ್ಬ. ಅವನ ಕಷ್ಟ ನಿಜವಾದದ್ದು, ಬೇಜಾರಾಯಿತು. ಆದರೆ ಒಂದು ಸಲ ಇಳಿಸಿಕೊಂಡು ಚೀಟಿಗೆ ಸಹಿ ಹಾಕಿದರೆ ಸಾಮಾನು ಸ್ವೀಕರಿಸಿದ ಹಾಗೆ. ಅಲ್ಲಿಯ ತನಕ ಮಾಡಿದ್ದೆಲ್ಲ ನೀರಲ್ಲಿ ಹೋಮ. ಡೆಲಿವರಿ ಚೀಟಿಯ ಮೇಲೆ 'ಆರ್ಡರ್ ರದ್ದಾಗಿದೆ, ಸಾಮಾನು ಸ್ವೀಕರಿಸಿಲ್ಲ, ಇಳಿಸಿಲ್ಲ' ಅಂತ ಬರೆದು, ದಿನಾಂಕ ಹಾಕಿ, ಫೋಟೋ ತೆಗೆದುಕೊಂಡೆ. ಅಲ್ಲೇ ನಿಂತು ಮ್ಯಾನೇಜರಿಗೆ ಫೋನ್ ಮಾಡಿ, ಹುಡುಗರಿಗೆ ಇವತ್ತಿನ ಬಾಡಿಗೆ ನೀವು ಕೊಡಲೇಬೇಕು ಅಂತ ಅವರ ಮುಂದೆಯೇ ಹೇಳಿದೆ. ಕೊಡುತ್ತೇವೆ ಅಂದರು. ಈ ಫೋಟೋವನ್ನೂ ಅದೇ ಮೇಲಿಗೆ ಸೇರಿಸಿದೆ.

ಕೊನೆಗೆ ಅಂಗಡಿಯಿಂದ ದುಡ್ಡು ಸಂಸ್ಥೆಗೆ ಹೋಯಿತು, ಸಾಲ ರದ್ದಾಯಿತು, ನಾನು ಕಟ್ಟಿದ ಕಂತು ಖಾತೆಗೆ ಬಂತು, ಮುಂಗಡ ಬಂತು. ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಸಂಸ್ಥೆಯಿಂದ ಬಾಕಿ ಇಲ್ಲ ಅನ್ನುವ ಪತ್ರ ಕೇಳಿ ಪಡೆಯಬೇಕು. ಆಟೋ ಡೆಬಿಟ್ ಅನುಮತಿ ಬ್ಯಾಂಕಿನಲ್ಲಿ ಹಾಗೇ ಉಳಿದಿರಬಹುದು, ಅದನ್ನು ತೆಗೆಸಬೇಕು. ಸ್ವಲ್ಪ ಸಮಯ ಬಿಟ್ಟು ಕ್ರೆಡಿಟ್ ವರದಿ ತೆಗೆದು ನೋಡಬೇಕು. ಅಲ್ಲಿ ಖಾತೆ ಮುಚ್ಚಿದೆ, ಬಾಕಿ ಸೊನ್ನೆ ಅಂತ ಇರಬೇಕು. 'ಸೆಟಲ್ಡ್' ಅಂತ ಇದ್ದರೆ ಒಪ್ಪಬೇಡಿ. ಕೇಳಲು ಎರಡೂ ಒಂದೇ ಥರ ಕಂಡರೂ ಸೆಟಲ್ಡ್ ಅಂದರೆ ಪೂರ್ತಿ ಕಟ್ಟದೆ ಕಡಿಮೆಗೆ ಮುಗಿಸಿದ್ದಾರೆ ಅಂತ ಮುಂದಿನ ಬ್ಯಾಂಕಿನವರು ಓದುತ್ತಾರೆ. ಸಾಲಕ್ಕೆ ಅರ್ಜಿ ಹಾಕಿದಾಗ ವರದಿ ತೆಗೆದು ನೋಡಿದ ದಾಖಲೆ ಮಾತ್ರ ಕೆಲ ಕಾಲ ಉಳಿಯುತ್ತದೆ, ಅದು ಸಾಲ ರದ್ದಾದರೂ ಹೋಗುವುದಿಲ್ಲ.

ಹಾಗಾದರೆ ಈ ಮಳಿಗೆಯಲ್ಲಿ ಕೊಳ್ಳಬಹುದಾ? ಪೂರ್ತಿ ದುಡ್ಡು ಕೊಟ್ಟು, ಸ್ಟಾಕಿನಲ್ಲಿ ಇರುವ ಸಾಮಾನನ್ನೇ ಕೊಳ್ಳುವುದಾದರೆ ಕೊಳ್ಳಿ, ಸಾಮಾನು ಒಳ್ಳೆಯದು. ಮುಂದೆ ಬರುವ ಸಾಮಾನಿಗೆ ಕಂತಿನಲ್ಲಿ ಕೊಳ್ಳುವುದಾದರೆ, ಗಾಡಿ ಹೊರಡುವ ದಿನವೇ ಬಿಲ್ ಮಾಡುತ್ತೇವೆ ಅಂತ ಆರ್ಡರ್ ಫಾರಂ ಮೇಲೆ ಬರೆಸಿಕೊಳ್ಳಿ. ಬರೆಯುವುದಿಲ್ಲ ಅಂದರೆ ಸಹಿ ಹಾಕಬೇಡಿ. ಒಪ್ಪಂದದ ಪ್ರತಿ ಮೇಲಿಗೆ ಬರುವ ತನಕ ಕುರ್ಚಿ ಬಿಟ್ಟು ಏಳಬೇಡಿ.

ಪ್ರೊಸೆಸಿಂಗ್ ಶುಲ್ಕ ಇನ್ನೂ ವಾಪಸ್ ಬಂದಿಲ್ಲ. ಸಂಸ್ಥೆಯವರು ಅದು ತಮ್ಮ ನಿಯಮ ಅನ್ನುತ್ತಾರೆ. ತಡ ಆದದ್ದು ಅಂಗಡಿಯಿಂದ, ಹಾಗಾಗಿ ಅಂಗಡಿಯೇ ತುಂಬಿಕೊಡಬೇಕು ಅಂತ ನಾನು ದೂರು ಕೊಟ್ಟಿದ್ದೇನೆ. ಉತ್ತರ ಬಂದರೆ ಇದೇ ರಿವ್ಯೂಗೆ ಸೇರಿಸುತ್ತೇನೆ, ಶುಲ್ಕ ಕೊಟ್ಟರೆ ಆ 1 ಅಂಕವನ್ನು 2 ಮಾಡುತ್ತೇನೆ.